ಬ್ಯಾಡ ಅಂದ್ರ ಯಾಕ ಅಂತಾರ

ಆಫೀಸಿನಲ್ಲಿ ಮಧ್ಯಾಹ್ನ ಐದಾರು ಜನ ಒಟ್ಟಿಗೆ ಊಟಕ್ಕೆ ಕೂರುತ್ತೇವೆ. ಡಬ್ಬಿ ಬಿಚ್ಚಿದ ಕೂಡಲೇ ಹಂಚೋದು ಶುರು. ಹೋದ ವಾರ ಒಬ್ಬರು ಎಣ್ಣೆಗಾಯಿ ತಂದಿದ್ದರು, ಜೊತೆಗೆ ಶೇಂಗಾ ಹೋಳಿಗೆ. ಹೋಳಿಗೆ ಬಂದಾಗ ನಮ್ಮ ಹಿರಿಯರೊಬ್ಬರು ಕೈ ಅಡ್ಡ ಹಿಡಿದು "ನಂಗ ಶುಗರ್ ಅದರಿ" ಅಂದರು. ಎಲ್ಲರೂ ಅಯ್ಯೋ ಅಂದರು, ಡಬ್ಬಿ ಮುಂದಕ್ಕೆ ಹೋಯಿತು. ಇನ್ನೊಬ್ಬರು "ಇವತ್ತ ಸೋಮವಾರ, ಒಪ್ಪತ್ತು" ಅಂದರು. ಅವರಿಗಂತೂ ಯಾರೋ ಎದ್ದು ಹೋಗಿ ಬಾಳೆಹಣ್ಣು ತಂದುಕೊಟ್ಟರು. ಎಣ್ಣೆಗಾಯಿ ನನ್ನ ಹತ್ತಿರ ಬಂತು. "ನಂಗ ಬ್ಯಾಡ್ರಿ" ಅಂದೆ. "ಯಾಕ?" "ನಾ ಬದನಿಕಾಯಿ ತಿನ್ನಂಗಿಲ್ರಿ." "ಅಲರ್ಜಿ ಅದ ಏನು?" "ಇಲ್ರಿ." "ಮತ್ತ?"

ಆ ‘ಮತ್ತ’ಕ್ಕೆ ಕೊಡೋಕೆ ನನ್ನ ಹತ್ತಿರ ಏನೂ ಇಲ್ಲ. ಡಾಕ್ಟರ ಚೀಟಿ ಇಲ್ಲ, ದೇವರ ವಾರ ಇಲ್ಲ. ಬಾಯಿ ಒಲ್ಲೆ ಅನ್ನುತ್ತದೆ, ಅಷ್ಟೇ. ನಲವತ್ತರ ಹತ್ತಿರ ಬಂದಿರುವ, ದುಡಿಯುವ, ಒಬ್ಬ ಮಗಳಿರುವ ಹೆಂಗಸು ಹೀಗೆ ಹೇಳಿದರೆ ಯಾರು ನಂಬುತ್ತಾರೆ? ನಕ್ಕರು. ಒಬ್ಬರು ಪ್ರೀತಿಯಿಂದಲೇ ನನ್ನ ತಾಟಿಗೆ ಒಂದು ಕಾಯಿ ಇಟ್ಟೂ ಬಿಟ್ಟರು. "ಒಂದ್ ತಿಂದ್ ನೋಡ್ರಿ, ಇದು ಬ್ಯಾರೆನೇ ಇರ್ತದ." ಬೇರೆ ಇರಲ್ಲ. ನನಗೆ ಗೊತ್ತು.

ಅವತ್ತಿನಿಂದ ಒಂದು ವಿಷಯ ತಲೆಯಲ್ಲಿ ಸುತ್ತುತ್ತಿದೆ. ನಮ್ಮ ಜನ ಊಟ ಬೇಡ ಅನ್ನುವವರನ್ನು ಒಪ್ಪಲ್ಲ ಅಂತಲ್ಲ. ಎಷ್ಟೊಂದು ಬೇಡಗಳನ್ನು ಎಷ್ಟು ಸಲೀಸಾಗಿ ಒಪ್ಪುತ್ತಾರೆ! ಶ್ರಾವಣ ಸೋಮವಾರ ಒಪ್ಪುತ್ತಾರೆ. ಶಿವರಾತ್ರಿ ಉಪವಾಸ ಒಪ್ಪುತ್ತಾರೆ. ಬಿಪಿ, ಶುಗರ್, ಆ್ಯಸಿಡಿಟಿ ಎಲ್ಲ ಒಪ್ಪುತ್ತಾರೆ. ಕಾಶಿಗೆ ಹೋಗಿ ಬಂದು ಒಂದು ತರಕಾರಿ ಬಿಟ್ಟವರಿಗೆ ನಮಸ್ಕಾರ ಬೇರೆ. ಆದರೆ ಆ ಬೇಡ ಹೊರಗಿನಿಂದ ಬಂದಿರಬೇಕು, ಡಾಕ್ಟರಿಂದಲೋ ದೇವರಿಂದಲೋ. ನಾಲಿಗೆಯಿಂದ ಬಂದ ಬೇಡಕ್ಕೆ ಇಲ್ಲಿ ಜಾಗ ಇಲ್ಲ. ಅದು ಸೊಕ್ಕು, ಇಲ್ಲವೇ ಕೊಟ್ಟವರಿಗೆ ಮಾಡಿದ ಅವಮಾನ. ಹಾಗಾಗಿ ಮದುವೆ ಮನೆಗಳಲ್ಲಿ ನಾನು ದೇವರ ಹಿಂದೆ ಅಡಗಿಕೊಳ್ಳುತ್ತೇನೆ. ಸೋಮವಾರ ಆದರೆ ಶಿವ, ಗುರುವಾರ ಆದರೆ ರಾಯರು, ಶನಿವಾರ ಆದರೆ ಹನುಮಪ್ಪ. ಇಷ್ಟು ಹೊತ್ತಿಗೆ ನನ್ನ ಲೆಕ್ಕದಲ್ಲಿ ಎಷ್ಟು ಪುಣ್ಯ ಜಮಾ ಆಗಿದೆಯೋ ಏನೋ.

ಬಾಯಿಯೊಳಗೆ ಆಗೋದು

ಎಲ್ಲರೂ ಅಂದುಕೊಳ್ಳೋದು ಇದು ರುಚಿಯ ಪ್ರಶ್ನೆ ಅಂತ. ಅಲ್ಲ. ಎಣ್ಣೆಗಾಯಿಯ ಮಸಾಲೆ ನನಗೆ ಪ್ರಾಣ. ಹುರಿದ ಶೇಂಗಾ, ಎಳ್ಳು, ಗುರೆಳ್ಳು, ಕೊಬ್ಬರಿ, ಕೆಂಪು ಖಾರ ಹಾಕಿ ಅರೆದು ಎಣ್ಣೆ ಬಿಡೋವರೆಗೂ ಬೇಯಿಸಿದ್ದನ್ನು ರೊಟ್ಟಿಗೆ ಹಚ್ಚಿ ಕೊಟ್ಟರೆ ಎರಡು ರೊಟ್ಟಿ ಜಾಸ್ತಿಯೇ ತಿಂತೇನೆ. ಅವ್ವ ಹಾಗೇ ಮಾಡುತ್ತಿದ್ದಳು, ಚಮಚದಲ್ಲಿ ಮಸಾಲೆ ಮಾತ್ರ ಕೆರೆದು ಕೊಡುತ್ತಿದ್ದಳು. ತೊಂದರೆ ಇರೋದು ಕಾಯಿಯಲ್ಲಿ. ಸಿಪ್ಪೆ ಒಂದು ಥರ, ಒಳಗಿನ ತಿರುಳು ಇನ್ನೊಂದು ಥರ, ನಡುವೆ ಸಣ್ಣ ಸಣ್ಣ ಬೀಜ. ಹಲ್ಲಿಗೆ ಸಿಗೋ ಮೊದಲೇ ಜಾರುತ್ತದೆ. ಅದು ನಾಲಿಗೆಯ ಹಿಂಭಾಗಕ್ಕೆ ತಾಗಿದ ಕ್ಷಣ ಗಂಟಲು ಮುಚ್ಚುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಹೊಟ್ಟೆ ಮೇಲಕ್ಕೆ ಏಳುತ್ತದೆ. ಇದನ್ನು ನಾನು ತೀರ್ಮಾನ ಮಾಡಿ ಮಾಡಲ್ಲ. ನಾನು ತೀರ್ಮಾನ ಮಾಡೋ ಹೊತ್ತಿಗೆ ಅದು ಆಗಿ ಮುಗಿದಿರುತ್ತದೆ. ಸ್ಟೀಲ್ ತಾಟಿಗೆ ಯಾರಾದರೂ ಚಮಚ ಗರಗರ ಕೆರೆದರೆ ಮೈ ಜುಮ್ಮೆನ್ನುತ್ತಲ್ವಾ, ಆಗ "ಯಾಕ ಜುಮ್ ಅಂತದ, ಸ್ವಲ್ಪ ರೂಢಿ ಮಾಡ್ಕೋ" ಅಂತ ಯಾರೂ ಹೇಳಲ್ಲ.

ಬೆಂಡೆಕಾಯಿ ಲೋಳೆ, ಹಾಲಿನ ಕೆನೆ, ಪೂರ್ತಿ ಹಣ್ಣಾದ ಬಾಳೆಹಣ್ಣು, ಸಾರಿನಲ್ಲಿ ತೇಲುವ ಟೊಮೆಟೊ ಸಿಪ್ಪೆ, ಎಲ್ಲ ಇದೇ ಸಾಲಿಗೆ. ಅದೇ ಟೊಮೆಟೊ ಅರೆದು ಹಾಕಿದರೆ ಏನೂ ಆಗಲ್ಲ. ನಮ್ಮ ಕಡೆಯ ಸುಸಲಾ ನೋಡಿ. ಚುರಮುರಿಯನ್ನು ಚೂಡಾ ಮಾಡಿಟ್ಟರೆ ಡಬ್ಬಿ ಖಾಲಿ ಮಾಡೋಳು ನಾನೇ. ಅದೇ ಚುರಮುರಿಯನ್ನು ನೀರಲ್ಲಿ ನೆನೆಸಿ, ಹಿಂಡಿ, ಒಗ್ಗರಣೆ ಹಾಕಿದರೆ ಅದು ಸುಸಲಾ, ಇಡೀ ಕಲಬುರಗಿ ಬೆಳಿಗ್ಗೆ ಮಿರ್ಚಿ ಭಜಿ ಜೊತೆ ತಿನ್ನೋದು. ಅದರ ಒಂದು ತುತ್ತೂ ನನ್ನ ಗಂಟಲಲ್ಲಿ ಇಳಿಯಲ್ಲ. ಹಾಗಂತ ನಾನು ಸಪ್ಪೆ ಊಟದವಳೂ ಅಲ್ಲ. ಹಾಗಲಕಾಯಿಯನ್ನು ಗರಿಗರಿಯಾಗಿ ಹುರಿದು ಕೊಟ್ಟರೆ ತಿಂತೇನೆ. ಇದಂತೂ ನೆಂಟರಿಗೆ ಅರ್ಥವೇ ಆಗಲ್ಲ. "ಹಾಗಲಕಾಯಿ ತಿಂತಿ, ಬದನಿಕಾಯಿ ಒಲ್ಲೆ ಅಂತಿ, ನಿಂದೇನ್ ಕಥಿ?"

ಇನ್ನೊಂದು ಇದೆ. ನನಗೆ ಏನು ಬರುತ್ತಿದೆ ಅಂತ ಬಾಯಿಗೆ ಮೊದಲೇ ಗೊತ್ತಿರಬೇಕು. ಪಾರ್ಲೆ-ಜಿ ಬಿಸ್ಕತ್ತು ಯಾದಗಿರಿಯಲ್ಲಿ ತಗೊಂಡರೂ ಅದೇ, ದಿಲ್ಲಿಯಲ್ಲಿ ತಗೊಂಡರೂ ಅದೇ. ಕಡಕ್ ರೊಟ್ಟಿಯೂ ಹಾಗೇ. ಮುರಿದರೆ ಅದೇ ಸದ್ದು, ಅಗಿದರೆ ಅದೇ ಪುಡಿ, ತಿಂಗಳು ಇಟ್ಟರೂ ಬದಲಾಗಲ್ಲ. ಬದನೆಕಾಯಿ ಹಾಗಲ್ಲ. ಒಂದು ಎಳೆಯದು, ಇನ್ನೊಂದು ಬಲಿತದ್ದು, ಮೂರನೆಯದರಲ್ಲಿ ಹುಳ. ಹಾಗಾಗಿ ನನ್ನ ಊಟ ಅಂದರೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ (ಚಟ್ನಿಪುಡಿಗೆ ನಾವು ಹಿಂಡಿ ಅಂತೇವೆ), ನುಣ್ಣಗೆ ಕಡೆದ ತೊಗರಿ ಬೇಳೆ, ಅನ್ನ, ಹಸಿ ಉಳ್ಳಾಗಡ್ಡಿ. ಈ ಜಿಲ್ಲೆಯಲ್ಲಿ ಹುಟ್ಟಿದ್ದು ಪುಣ್ಯ. ಇಲ್ಲಿ ರೊಟ್ಟಿ-ಹಿಂಡಿಗೆ ಯಾವ ಮನೆಯಲ್ಲೂ ಬರ ಇಲ್ಲ, ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಬೇರೆ ಸಿಕ್ಕಿದೆ. ಬೇರೆ ಎಲ್ಲಾದರೂ ಹುಟ್ಟಿದ್ದರೆ ಉಪವಾಸವೇ ಗತಿಯಾಗಿತ್ತೇನೋ.

ಇಂಥದ್ದಕ್ಕೆ ವೈದ್ಯರು ಒಂದು ಹೆಸರು ಇಟ್ಟಿದ್ದಾರೆ ಅಂತ ನನಗೆ ಗೊತ್ತಾಗಿದ್ದು ತೀರಾ ತಡವಾಗಿ. ಆರ್ಫಿಡ್ ಅಂತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿಗೆ ಅದು ಸೇರಿದ್ದು 2013ರಲ್ಲಿ. ಅದಕ್ಕೂ ಮುಂಚೆ ಆ ಪುಸ್ತಕದ ಪ್ರಕಾರ ಊಟದ ಈ ಥರದ ತೊಂದರೆ ಆರು ವರ್ಷದ ಒಳಗೇ ಶುರುವಾಗುವ, ಸಣ್ಣ ಮಕ್ಕಳ ವಿಷಯ. ದೊಡ್ಡವರಿಗೆ ಅದು ಇರಬಹುದು ಅಂತ ಒಪ್ಪಿದ್ದೇ ಈಚೆಗೆ. ದಪ್ಪ ಆಗ್ತೀನಿ ಅನ್ನೋ ಭಯಕ್ಕೆ ಊಟ ಬಿಡೋದು ಬೇರೆ, ಇದು ಬೇರೆ. ಇದರಲ್ಲಿ ಕೆಲವರಿಗೆ ಹಸಿವೇ ಕಡಿಮೆ, ಕೆಲವರಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ ಅಥವಾ ವಾಂತಿ ಆಗುತ್ತೆ ಅನ್ನೋ ಹೆದರಿಕೆ, ಇನ್ನು ಕೆಲವರಿಗೆ ನನ್ನ ಥರ ವಾಸನೆ, ಸ್ಪರ್ಶ, ನೋಟ ಇವುಗಳದ್ದೇ ಕಾಟ. ತೂಕ ಇಳಿಯೋದು, ಜೀವಸತ್ವ ಕಡಿಮೆ ಆಗೋದು, ಜನರ ನಡುವೆ ಬದುಕೋಕೇ ಕಷ್ಟ ಆಗೋದು, ಹೀಗೆ ಏನಾದರೂ ಇದ್ದರೆ ಮಾತ್ರ ಅದನ್ನು ಕಾಯಿಲೆ ಅಂತ ಲೆಕ್ಕಕ್ಕೆ ತಗೋತಾರೆ. ನನಗೆ ಯಾರೂ ಅಂಥ ಚೀಟಿ ಬರೆದುಕೊಟ್ಟಿಲ್ಲ, ನಾನೂ ಕೇಳೋಕೆ ಹೋಗಿಲ್ಲ. ಬಿ12 ಕಡಿಮೆ ಇದೆ ಅಂತ ಒಮ್ಮೆ ಇಂಜೆಕ್ಷನ್ ಕೊಟ್ಟರು. ಮಾಂಸ ತಿನ್ನದ ಮನೆ, ಹಾಲು-ಮೊಸರು ಒಲ್ಲದ ಬಾಯಿ, ಇನ್ನೇನಾಗುತ್ತೆ? ಅದನ್ನು ಮಾತ್ರ ನಾನು ಹಗುರವಾಗಿ ತಗೊಳ್ಳಲ್ಲ. ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿ ಬರೀ ಚಿಪ್ಸ್, ಬಿಳಿ ಬ್ರೆಡ್ಡು, ಅಂಥದ್ದನ್ನೇ ತಿಂದುಕೊಂಡು ಬೆಳೆದ ಒಬ್ಬ ಹುಡುಗ ಹದಿಹರೆಯದಲ್ಲೇ ದೃಷ್ಟಿ ಕಳಕೊಂಡ ಸುದ್ದಿ 2019ರಲ್ಲಿ ಬಂದಿತ್ತು. ಅವನಿಗೂ ಕೆಲವು ಆಹಾರದ ಸ್ಪರ್ಶವೇ ಆಗುತ್ತಿರಲಿಲ್ಲವಂತೆ. ಅದನ್ನು ಓದಿದ ದಿನ ನನ್ನ ಮಾತ್ರೆ ಡಬ್ಬಿ ಮರೆಯದೆ ತೆಗೆದೆ.

ಆದರೂ "ಎಲ್ಲರಿಗೂ ಸೇರ್ತದ, ನಿನಗೊಬ್ಬಾಕಿಗೆ ಯಾಕ ಸೇರಂಗಿಲ್ಲ" ಅನ್ನೋರಿಗೆ ಹೇಳೋಕೆ ನನಗೆ ಇಷ್ಟವಾದ ಕಥೆ ಬೇರೆ. 1931ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಆರ್ಥರ್ ಫಾಕ್ಸ್ ಅನ್ನೋ ವಿಜ್ಞಾನಿ ಒಂದು ಪುಡಿ ಸುರಿಯುತ್ತಿದ್ದ. ಪುಡಿ ಗಾಳಿಗೆ ಹಾರಿತು. ಪಕ್ಕದಲ್ಲಿದ್ದವನು ಥೂ ಕಹಿ ಅಂದ. ಫಾಕ್ಸ್‌ಗೆ ಏನೂ ಅನ್ನಿಸಲಿಲ್ಲ. ಇಬ್ಬರೂ ಜಗಳ ಆಡಿದರು, ಆಮೇಲೆ ಬೇರೆಯವರಿಗೂ ತಿನ್ನಿಸಿ ನೋಡಿದರು. ಕೆಲವರಿಗೆ ಕಹಿ, ಕೆಲವರಿಗೆ ಏನೂ ಇಲ್ಲ. ಅದರ ಹಿಂದಿನ ಜೀನ್ ಯಾವುದು ಅಂತ 2003ರಲ್ಲಿ ಗೊತ್ತಾಯಿತು. ಒಂದೇ ಪುಡಿ, ಎರಡು ಬಾಯಿ, ಎರಡು ಸತ್ಯ. ನನ್ನದು ಕಹಿಯ ವಿಷಯ ಅಲ್ಲ ನಿಜ. ಆದರೆ ನಿಮ್ಮ ಬಾಯಲ್ಲಿ ಇರುವ ಬದನೆಕಾಯಿಯೇ ನನ್ನ ಬಾಯಲ್ಲೂ ಇದೆ ಅಂತ ಯಾರು ಹೇಳಿದರು? ಹೊಸ ಆಹಾರಕ್ಕೆ ಹಿಂಜರಿಯುವ ಮಕ್ಕಳ ಬಗ್ಗೆ ಬ್ರಿಟನ್ನಿನಲ್ಲಿ 5,390 ಜೋಡಿ ಅವಳಿಗಳನ್ನು ನೋಡಿ 2007ರಲ್ಲಿ ಒಂದು ವರದಿ ಬಂತು. ಮಕ್ಕಳ ನಡುವಿನ ವ್ಯತ್ಯಾಸದಲ್ಲಿ ಶೇ. 78ರಷ್ಟು ಹುಟ್ಟಿನಿಂದಲೇ ಬಂದದ್ದು ಅಂತ ಅದರ ಲೆಕ್ಕ. ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಬೇಕು: ನನ್ನ ಮಗಳು ಬದನೆಕಾಯಿಯನ್ನು ತೊಟ್ಟು ಸಮೇತ ಚಪ್ಪರಿಸುತ್ತಾಳೆ.

ಎಳ್ಳ ಅಮಾಸಿಯ ಭಜ್ಜಿ

ನಮ್ಮೂರು ಅಫಜಲಪುರ ತಾಲ್ಲೂಕಿನಲ್ಲಿ. ಎಳ್ಳ ಅಮಾಸಿಗೆ ಹೊಲಕ್ಕೆ ಹೋಗಿ ಭೂಮ್ತಾಯಿಗೆ ಎಡೆಯಾಗಿ ಚರಗ ಚೆಲ್ಲೋದು ಹೇಗೆ ಅಂತ ಈ ಕಡೆಯವರಿಗೆ ಹೇಳೋದೇನೂ ಬೇಡ. ಭಜ್ಜಿಯ ಬಗ್ಗೆ ಮಾತ್ರ ಎರಡು ಮಾತು. ಹಸಿ ತೊಗರಿ, ಅವರೆ, ಹಸಿ ಕಡಲೆ, ಶೇಂಗಾ, ಮೆಂತ್ಯ, ಇನ್ನೂ ಕೈಗೆ ಸಿಕ್ಕ ಸೊಪ್ಪು-ಕಾಯಿ ಎಲ್ಲ ಹಾಕಿ, ಕಡಲೆ ಹಿಟ್ಟು ಕಲಸಿ, ಹುಳಿ ಬಿಟ್ಟು ದೊಡ್ಡ ಪಾತ್ರೆಯಲ್ಲಿ ಕುದಿಸಿದ್ದು. ಅದಕ್ಕೆ ಸಜ್ಜಿ ರೊಟ್ಟಿ. ಆ ಹೊತ್ತಿಗೆ ಹೊಲದಲ್ಲಿ ಏನೇನಿದೆಯೋ ಎಲ್ಲ ಒಂದೇ ತಾಟಿನಲ್ಲಿ ಬರುತ್ತದೆ, ಅದಕ್ಕೇ ಅದು ಹಬ್ಬದ ಊಟ. ನನಗೆ ಅದೇ ಕಾರಣಕ್ಕೆ ಅದು ನರಕ. ಪ್ರತಿ ತುತ್ತಿನಲ್ಲಿ ಬೇರೆ ಏನೋ ಇರುತ್ತದೆ. ಒಂದು ಮೆತ್ತಗೆ, ಒಂದು ಗಟ್ಟಿ, ಒಂದು ನಾರು, ಒಂದು ಸಿಪ್ಪೆ, ಎಲ್ಲದರ ಸುತ್ತ ಅಂಟಂಟು.

ನಾನಾಗ ನಾಲ್ಕನೆಯೋ ಐದನೆಯೋ ಇಯತ್ತೆ. ಬೇವಿನ ಗಿಡದ ಕೆಳಗೆ ಸಾಲಾಗಿ ಕೂತಿದ್ದೆವು. ನಾನು ಸಜ್ಜಿ ರೊಟ್ಟಿ ಅಷ್ಟೇ ಮುರಿದು ತಿನ್ನುತ್ತಿದ್ದೆ. ದೊಡ್ಡಕಾಕಾ ನೋಡಿದರು. ಅವರು ಕೆಟ್ಟವರಲ್ಲ. ಆ ಹೊಲದಲ್ಲಿ ವರ್ಷವಿಡೀ ಬೆನ್ನು ಬಗ್ಗಿಸಿದವರು ಅವರೇ. ಭೂಮ್ತಾಯಿ ಕೊಟ್ಟದ್ದನ್ನು ಒಲ್ಲೆ ಅನ್ನಬಾರದು, ತಾಟು ಖಾಲಿ ಆಗೋವರೆಗೂ ಏಳಬೇಡ ಅಂದರು. ಬಾಕಿ ಹುಡುಗರೆಲ್ಲ ಉಂಡೆದ್ದು ಸೀತನಿ, ಅಂದರೆ ಜೋಳದ ಎಳೆ ತೆನೆ, ಸುಡೋ ಕಡೆ ಓಡಿದರು. ನಾನು ಕೂತೇ ಇದ್ದೆ. ಭಜ್ಜಿ ಆರಿ ಮೇಲೆ ಒಂದು ಪದರ ಕಟ್ಟಿತು. ಅದರಿಂದ ಇನ್ನೂ ಕಷ್ಟವಾಯಿತು. ಒಂದು ತುತ್ತು ಬಾಯಿಗೆ ಹಾಕಿದೆ, ನುಂಗೋಕೆ ಆಗಲಿಲ್ಲ, ಉಗುಳೋಕೆ ಧೈರ್ಯ ಇಲ್ಲ, ಕೆನ್ನೆಯೊಳಗೆ ಇಟ್ಟುಕೊಂಡು ಕೂತೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಸೀತನಿ ಸುಟ್ಟ ವಾಸನೆ ಬರುತ್ತಿತ್ತು ಅನ್ನೋದು ಮಾತ್ರ ಸರಿಯಾಗಿ ನೆನಪಿದೆ.

ಆಗ ನಮ್ಮ ಅಜ್ಜಿ ಬಂದಳು. ನನ್ನ ಮುಂದೆ ಕೂತು, ಸೆರಗು ಮುಂದೆ ಹಿಡಿದು "ಉಗುಳು" ಅಂದಳು. ತಾಟು ತನ್ನ ಕಡೆ ಎಳೆದುಕೊಂಡು ಉಳಿದ ಭಜ್ಜಿಯನ್ನು ತಾನೇ ಉಂಡಳು. ಕಾಕಾ ಏನೋ ಅನ್ನೋಕೆ ಬಂದಾಗ "ಬಾಯಿ ಆಕಿದೋ ನಿಂದೋ?" ಅಂದಳು. ಅಷ್ಟೇ. ಕಾಕಾ ಅಜ್ಜಿಗೆ ಎದುರಾಡೋರಲ್ಲ.

ಅಜ್ಜಿ ಯಾಕೆ ನನ್ನ ಪರ ನಿಂತಳು ಅಂತ ಗೊತ್ತಾಗಿದ್ದು ಕಾಲೇಜಿಗೆ ಹೋಗೋ ಹೊತ್ತಿಗೆ. ಅಜ್ಜಿಗೂ ಒಂದು ಒಲ್ಲೆ ಇತ್ತು. ಸ್ವಲ್ಪ ಕೆಂಪಗಿರೋ ಜೋಳದ ರೊಟ್ಟಿಯನ್ನು ಅವಳು ಮುಟ್ಟುತ್ತಿರಲಿಲ್ಲ. ಹಿಟ್ಟು ತಂದರೆ ಮೊದಲು ಅಂಗೈಯಲ್ಲಿ ಹಾಕಿಕೊಂಡು ಬೆಳಕಿಗೆ ಹಿಡಿದು ನೋಡುತ್ತಿದ್ದಳು. 1972ರ ಬರದಲ್ಲಿ ರೇಶನ್ನಿಗೆ ಹೊರದೇಶದ ಕೆಂಪು ಜೋಳ ಬಂದಿತ್ತಂತೆ. ರೊಟ್ಟಿ ಬಡಿದರೆ ಒಡೆಯುತ್ತಿತ್ತು, ಬೇಯಿಸಿದರೆ ಒಂಥರಾ ಮುಗ್ಗಲು ವಾಸನೆ. ದಿನಗೂಲಿಗೆ ಕಲ್ಲು ಒಡೆದು ಬಂದು ಅದನ್ನೇ ಉಂಡರು, ಮಕ್ಕಳಿಗೂ ಅದನ್ನೇ ಉಣ್ಣಿಸಿದರು. "ಆಗ ಉಂಡೆ. ಇನ್ ಉಣ್ಣಂಗಿಲ್ಲ" ಅನ್ನುತ್ತಿದ್ದಳು. ಮನೆಯಲ್ಲಿ ಯಾರೂ ಅವಳನ್ನು ಒತ್ತಾಯ ಮಾಡಿದ್ದು ನಾನು ನೋಡಿಲ್ಲ. ಅವಳ ಒಲ್ಲೆಗೆ ಒಂದು ಕಥೆ ಇತ್ತು, ಅದು ಎಲ್ಲರಿಗೂ ಗೊತ್ತಿದ್ದ ಕಥೆ.

ಇದೇ ಬರದ ಮಾತನ್ನು ನನ್ನ ಮೇಲೆ ಎಸೆಯೋರೂ ಇದ್ದಾರೆ. "ಬರಗಾಲ ನೋಡಿದ್ರ ಗೊತ್ತಾಗ್ತಿತ್ತು ನಿಂಗ." ಇರಬಹುದು. ಹಸಿವು ಜೋರಾದರೆ ನಾನೂ ಕಣ್ಣು ಮುಚ್ಚಿ ನುಂಗುತ್ತಿದ್ದೆನೇನೋ. ಆದರೆ ನಿಜವಾಗಿ ಬರ ನೋಡಿದ ಒಬ್ಬಳೇ ಒಬ್ಬಳು ನನಗೆ ಆ ಮಾತು ಹೇಳಲಿಲ್ಲ. ಹೊಟ್ಟೆಗಿಲ್ಲದೆ ತಿನ್ನೋದು ಬೇರೆ, ಬಾಯಿಗೆ ಸೇರೋದು ಬೇರೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ನೀರಿನ ಲೋಟ

ಇನ್ನೊಂದು ಊಟದ ಬಗ್ಗೆ ಬರೆಯೋದು ಇದಕ್ಕಿಂತ ಕಷ್ಟ. ಡಿಗ್ರಿ ಓದುವಾಗ ನನಗೊಬ್ಬಳು ಗೆಳತಿ ಇದ್ದಳು, ಈಗಲೂ ಇದ್ದಾಳೆ. ಚಿತ್ತಾಪುರದ ಕಡೆಯ ಹಳ್ಳಿ. ಹಾಸ್ಟೆಲಿನಲ್ಲಿ ಒಂದೇ ಕೋಣೆ, ಮೆಸ್ಸಿನಲ್ಲಿ ನನ್ನ ತಾಟಿನ ಪಲ್ಯ ಅವಳ ತಾಟಿಗೆ, ಅವಳ ಹಪ್ಪಳ ನನ್ನ ತಾಟಿಗೆ. ಒಂದು ರಜೆಯಲ್ಲಿ ಅವರ ಮನೆಗೆ ಕರೆದುಕೊಂಡು ಹೋದಳು. ಶಹಾಬಾದ ಫರಸಿ ಹಾಸಿದ ತಂಪನೆಯ ಮನೆ. ಅವರವ್ವ ಕೂಲಿಗೆ ಹೋಗೋದನ್ನು ಬಿಟ್ಟು ಬೆಳಿಗ್ಗೆಯಿಂದ ಅಡುಗೆ ಮಾಡಿದ್ದರು. ತಾಟಿನ ನಡುವೆ ಎಣ್ಣೆಗಾಯಿ.

ನಮ್ಮದು ಲಿಂಗಾಯತ ಮನೆ. ಅವರದು ದಲಿತರ ಓಣಿ. ನಾನು "ನಂಗ ಇದು ಬ್ಯಾಡ್ರಿ ಅವ್ವ" ಅಂದೆ. ಅಂದ ಮರುಗಳಿಗೆ ಅವರ ಮುಖ ನೋಡಿದೆ. ಸಿಟ್ಟು ಬರಲಿಲ್ಲ ಅವರಿಗೆ. ಇಂಥದ್ದನ್ನು ಮೊದಲೂ ನೋಡಿದವರ ಮುಖ ಅದು. "ಹೌದವ್ವ, ನಿಮ್ಗ ನಮ್ ಕಡಿ ಅಡಿಗಿ ಸೇರಂಗಿಲ್ಲ" ಅಂದು ಸುಮ್ನೆ ಎದ್ದರು. ಗೆಳತಿ ಒಳಗಿಂದಲೇ ಕೂಗಿದಳು. "ಅಯ್ಯ ಯವ್ವಾ, ಇಕಿ ಅವರವ್ವ ಮಾಡಿದ್ರೂ ತಿನ್ನಂಗಿಲ್ಲ, ಹಾಸ್ಟೆಲಿನ್ಯಾಗ ಎಲ್ರಿಗೂ ಗೊತ್ತದ." ಅವ್ವ ನಕ್ಕರು, ಆದರೆ ನಂಬಿದ ಹಾಗೆ ಕಾಣಲಿಲ್ಲ. ಯಾಕೆ ನಂಬಬೇಕು? ನಮ್ಮ ಹೊಲಕ್ಕೆ ಕೆಲಸಕ್ಕೆ ಬರುತ್ತಿದ್ದವರಿಗೆ ಚಹಾ ಕೊಡೋ ಕಪ್ಪು ನಮ್ಮ ಹಿತ್ತಿಲ ಗೋಡೆಯ ಗೂಡಿನಲ್ಲಿ ಬೇರೆ ಇರುತ್ತಿತ್ತು. ಅದನ್ನು ನೋಡುತ್ತಲೇ ನಾನು ದೊಡ್ಡವಳಾದೆ. ಹನ್ನೆರಡನೇ ಶತಮಾನದಲ್ಲಿ ಇಲ್ಲೇ ಪಕ್ಕದ ಬಸವಕಲ್ಯಾಣದಲ್ಲಿ ಶರಣರು ಜಾತಿ ಬಿಟ್ಟು ಒಂದೇ ಪಂಕ್ತಿಯಲ್ಲಿ ಕೂತರು ಅಂತ ನಾವು ವರ್ಷಾ ವರ್ಷಾ ಬಸವ ಜಯಂತಿಗೆ ಭಾಷಣ ಕೇಳುತ್ತೇವೆ. ಕಲಬುರಗಿಯ ಶರಣಬಸವೇಶ್ವರರು ಹೆಸರಾದದ್ದೇ ದಾಸೋಹಕ್ಕೆ. ಅಷ್ಟಾಗಿಯೂ ಆ ಗೂಡಿನ ಕಪ್ಪು ಅಲ್ಲೇ ಇತ್ತು. ಇಂಥ ನೆಲದಲ್ಲಿ ನನ್ನ ಮನೆಯಂಥ ಮನೆಯಿಂದ ಬಂದವಳು ಅವರಂಥವರ ಮನೆಯಲ್ಲಿ ಊಟ ಬೇಡ ಅಂದರೆ ಅದಕ್ಕೆ ಇರೋದು ಒಂದೇ ಅರ್ಥ. ನನ್ನ ಗಂಟಲು, ನಾಲಿಗೆ, ಲೋಳೆ, ಸಿಪ್ಪೆ ಇವೆಲ್ಲ ಆ ಅರ್ಥದ ಮುಂದೆ ಎಷ್ಟರವು?

ನಾನು ರೊಟ್ಟಿ, ಹಿಂಡಿ, ಬೇಳೆ ಕೇಳಿ ಹಾಕಿಸಿಕೊಂಡು ಉಂಡೆ. ಎಣ್ಣೆಗಾಯಿ ಮಸಾಲೆಯನ್ನು ಬೆರಳಿಂದ ತೆಗೆದು ಹಚ್ಚಿಕೊಂಡೆ, ಇನ್ನೊಮ್ಮೆ ಕೇಳಿದೆ. ಅವ್ವ ಬಾಗಿಲ ಹತ್ತಿರ ಕೂತು ನೋಡುತ್ತಲೇ ಇದ್ದರು. ಕೊನೆಗೆ ಲೋಟ ಎತ್ತಿ ಗಟಗಟ ನೀರು ಕುಡಿದೆ. ಅವರು ನೋಡುತ್ತಿದ್ದದ್ದು ಅದನ್ನೇ ಅಂತ ನನಗೆ ಆಗ ಹೊಳೆಯಿತು. ನೀರು ಕುಡಿಯೋವರೆಗೂ ಅವರು ನನ್ನ ಮನೆ, ಅಪ್ಪ-ಅವ್ವ ಏನೂ ಕೇಳಿರಲಿಲ್ಲ. ಆಮೇಲೆ ಕೇಳಿದರು.

ಈಗಲೂ ಕೆಲವರು ನನಗೆ ಹೇಳೋದುಂಟು, "ಬೇಡ ಅನ್ನೋದು ನಿನ್ನ ಹಕ್ಕು, ಯಾರಿಗೂ ಕಾರಣ ಕೊಡಬೇಕಾಗಿಲ್ಲ" ಅಂತ. ಕೇಳೋಕೆ ಚೆನ್ನಾಗಿದೆ. ಮಾಲ್‌ನಲ್ಲಿ, ಹೋಟೆಲಿನಲ್ಲಿ ನಡೆಯುತ್ತದೆ. ಆ ಮನೆಯಲ್ಲಿ ನಾನು ಕಾರಣ ಕೊಡಲೇಬೇಕಿತ್ತು. ಕಾರಣ ಕೇಳೋ ಹಕ್ಕು ಅವರಿಗಿತ್ತು.

ಕಡೆಗೆ ಉಣ್ಣುವವಳು

ನಮ್ಮಣ್ಣನೂ ನನ್ನ ಥರವೇ. ಅವನಿಗೆ ಸೊಪ್ಪು ಆಗಲ್ಲ, ಯಾವುದೂ. ಪುಂಡಿ ಪಲ್ಯ ಮಾಡಿದ ದಿನ ಅವನಿಗೆ ಬೇರೆ ಆಲೂಗಡ್ಡೆ ಪಲ್ಯ. ಮೊದಲು ಅವ್ವ ಮಾಡುತ್ತಿದ್ದಳು, ಈಗ ವೈನಿ ಮಾಡುತ್ತಾರೆ. "ಅವಗ ಸೊಪ್ಪು ಸೇರಂಗಿಲ್ಲ" ಅಂದರೆ ಮುಗಿಯಿತು, ಅದು ಮನೆಯ ಒಂದು ಸಂಗತಿ, ಗೋಡೆ ಗಡಿಯಾರದ ಹಾಗೆ ಅಲ್ಲೇ ಇದೆ. ನನಗೆ ಮಾತ್ರ "ಗಂಡನ ಮನ್ಯಾಗ ಹೆಂಗ ಮಾಡ್ತಿ?" ಅವ್ವನಿಗೆ ಅದೊಂದೇ ಚಿಂತೆ. ಅವ್ವ ಮಸಾಲೆ ಕೆರೆದು ಕೊಡುತ್ತಿದ್ದದ್ದೂ ಯಾರೂ ನೋಡದಿದ್ದಾಗ.

ತಮಾಷೆ ಅಂದರೆ ಗಂಡನ ಮನೆಯಲ್ಲಿ ಯಾರಿಗೂ ಬಹಳ ಕಾಲ ಗೊತ್ತೇ ಆಗಲಿಲ್ಲ. ಅಡುಗೆ ಮಾಡೋಳು ನಾನು. ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣೋಳೂ ನಾನು. ಕಡೆಗೆ ಉಣ್ಣೋಳ ತಾಟಿನಲ್ಲಿ ಏನಿದೆ ಅಂತ ಯಾರು ನೋಡುತ್ತಾರೆ? ರೊಟ್ಟಿ, ಹಿಂಡಿ, ತಳದಲ್ಲಿ ಉಳಿದ ಮಸಾಲೆ. "ನಮ್ ಸೊಸಿ ಏನ್ ಇದ್ರೂ ಉಣ್ತಾಳ, ತಕರಾರಿಲ್ಲ" ಅಂತ ಅತ್ತೆ ನೆಂಟರ ಮುಂದೆ ಹೊಗಳುತ್ತಿದ್ದರು. ಹೆಂಗಸರು ಕಡೆಗೆ ಉಣ್ಣೋ ಪದ್ಧತಿ ಕೆಟ್ಟದ್ದು ಅಂತ ನಾನು ಎಲ್ಲಿ ಬೇಕಾದರೂ ವಾದ ಮಾಡುತ್ತೇನೆ, ಆದರೆ ಅದು ನನ್ನನ್ನು ಕಾಪಾಡಿತು ಅನ್ನೋದನ್ನೂ ಒಪ್ಪಲೇಬೇಕು. ಇನ್ನೊಂದು ಗುಟ್ಟು. ನಮ್ಮ ಓಣಿಯಲ್ಲಿ ನನ್ನ ಕೈಯ ಎಣ್ಣೆಗಾಯಿಗೆ ಹೆಸರಿದೆ. ಕಾಯಿ ಬೆಂದಿದೆಯೋ ಇಲ್ಲವೋ ಅಂತ ಚಮಚದಲ್ಲಿ ಒತ್ತಿ ನೋಡುತ್ತೇನೆ, ಉಪ್ಪು-ಖಾರ ಮಸಾಲೆಯಲ್ಲೇ ಗೊತ್ತಾಗುತ್ತದೆ. ಬಾಯಿಗೆ ಹಾಕಿ ನೋಡಿಲ್ಲ.

ಗೊತ್ತಾಗಿದ್ದು ಕರೋನಾ ಲಾಕ್‌ಡೌನ್‌ನಲ್ಲಿ, ಎಲ್ಲರೂ ಮನೆಯಲ್ಲೇ ಇದ್ದು ಒಟ್ಟಿಗೆ ಕೂತು ಉಣ್ಣೋಕೆ ಶುರು ಮಾಡಿದಾಗ. ಅತ್ತೆ ಒಂದೆರಡು ದಿನ ನನ್ನ ತಾಟು ನೋಡಿದರು, ಏನೂ ಅನ್ನಲಿಲ್ಲ. ಮೂರನೇ ದಿನ "ಮೊದ್ಲೇ ಹೇಳಬಾರದೇನ?" ಅಂದರು. ಬೈದರೋ ಏನೋ ನನಗೆ ಇವತ್ತಿಗೂ ತಿಳಿದಿಲ್ಲ. ಆದರೆ ಅವತ್ತಿನಿಂದ ಬೆಂಡೆಕಾಯಿಯನ್ನು ಎರಡು ಥರ ಮಾಡೋಕೆ ಶುರು ಮಾಡಿದರು. ನನ್ನ ಪಾಲಿನದನ್ನು ತೆಳ್ಳಗೆ ಹೆಚ್ಚಿ, ಬಟ್ಟೆಯಲ್ಲಿ ಒರೆಸಿ, ಕಡಲೆ ಹಿಟ್ಟು ಸವರಿ, ಗರಿಗರಿ ಆಗೋವರೆಗೂ ಕರಿಯುತ್ತಾರೆ. ತಿಂದೆ. ಲೋಳೆ ಇಲ್ಲ ಅಂದರೆ ಬೆಂಡೆಕಾಯಿ ಮೇಲೆ ನನಗೆ ಯಾವ ದ್ವೇಷವೂ ಇಲ್ಲ ಅಂತ ಗೊತ್ತಾಯಿತು. ಈಗ ಸ್ವಲ್ಪ ಕಡಿಮೆ ಗರಿಯಾದದ್ದೂ ಇಳಿಯುತ್ತದೆ. ಇದಕ್ಕೆ ಚಿಕಿತ್ಸೆ ಕೊಡೋರು ಮಾಡಿಸೋದೂ ಹೆಚ್ಚುಕಡಿಮೆ ಇದನ್ನೇ. ಒಮ್ಮೆಗೇ ನುಂಗು ಅನ್ನಲ್ಲ. ಮೊದಲು ನೋಡು, ಮುಟ್ಟು, ಮೂಸು, ನಾಲಿಗೆ ತುದಿಗೆ ತಾಗಿಸು, ಆಮೇಲೆ ಒಂಚೂರು ಅಗಿ. ತಿನ್ನೋದು ತಿನ್ನೋರ ಇಷ್ಟದ ಮೇಲೆ, ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ. ಅತ್ತೆ ಇದ್ಯಾವುದನ್ನೂ ಓದಿದವರಲ್ಲ. ಅವರು ಮಾಡಿದ್ದು ಒಂದೇ, ತಾಟಿಗೆ ಹಾಕಿ ಬೇರೆ ಕಡೆ ನೋಡೋದು. ನನಗೆ ಬೇಕಿದ್ದದ್ದೂ ಅದೇ. ಎದುರಿಗೆ ಕೂತು "ಹೆಂಗದ? ಸೇರ್ತು?" ಅಂತ ಬಾಯನ್ನೇ ನೋಡುತ್ತಾ ಇದ್ದರೆ ಕಡಕ್ ರೊಟ್ಟಿಯೂ ಇಳಿಯಲ್ಲ.

ದೇವರ ಹೆಸರು ಹೇಳೋದನ್ನು ಈಗೀಗ ಕಡಿಮೆ ಮಾಡಿದ್ದೇನೆ. ಊಟಕ್ಕೆ ಕರೆದರೆ ಮುಂಚಿನ ದಿನವೇ ಫೋನ್ ಮಾಡಿ ಹೇಳಿಬಿಡುತ್ತೇನೆ. ತಾಟಿನ ಮುಂದೆ ಬೇಡ ಅನ್ನೋದಕ್ಕೂ ಒಲೆ ಹಚ್ಚೋ ಮೊದಲೇ ಹೇಳೋದಕ್ಕೂ ಬಹಳ ವ್ಯತ್ಯಾಸ ಇದೆ. ಮೊನ್ನೆ ಆಳಂದದಲ್ಲಿರೋ ಚಿಗವ್ವ ಮನೆ ತುಂಬೋ ಕಾರ್ಯಕ್ಕೆ ಕರೆದಿದ್ದಳು. ಧೈರ್ಯ ಮಾಡಿ ಫೋನ್ ಹಚ್ಚಿದೆ. "ಚಿಗವ್ವ, ಸಿಟ್ಟಾಗಬ್ಯಾಡ, ನಾ ಬದನಿಕಾಯಿ ತಿನ್ನಂಗಿಲ್ಲ. ರೊಟ್ಟಿ, ಹಿಂಡಿ ಇದ್ರ ಸಾಕು." ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಚಿಗವ್ವ ದನಿ ತಗ್ಗಿಸಿ ಅಂದಳು: "ಖರೇ ಹೇಳ್ಬೇಕಂದ್ರ ನಮ್ ಮನ್ಯಾಗೂ ಯಾರೂ ಅಷ್ಟ್ ತಿನ್ನಂಗಿಲ್ಲವ್ವ. ನಿಮ್ಮ ಕಾಕಾಗ ಅದರ ವಾಸನಿನೇ ಆಗಂಗಿಲ್ಲ. ಬಂದವ್ರು ಏನ್ ಅಂದ್ಕೋತಾರ ಅಂತ ಮಾಡೋದು. ನೀನೂ ಒಲ್ಲೆ ಅಂದ್ರ ಈ ಸಲ ಮಾಡೋದೇ ಬಿಟ್ಟುಬಿಡ್ತೀನಿ."